ಅಪ್ಪಿಯ ಪಾಲಿನ ನೊರೆ

ಸುಂದರಿಯಕ್ಕ ಮನೆಯಲ್ಲಿ ಬಿಯರ್ ಮಾಡಿದಳು ಎಂದರೆ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಹಾಗೆ ಮುರಿಯುವವರಲ್ಲಿ ಅರ್ಧ ಜನ ಒಂದಾನೊಂದು ಕಾಲದಲ್ಲಿ ಅವಳ ಮೆಸ್ಸಿನಲ್ಲಿ ಉಂಡು, ಬೆರಳು ನೆಕ್ಕಿ, ಮೀನಿನ ಗಸಿ ಇನ್ನೊಂದು ಸೌಟು ಬೀಳಲಿ ಎಂದು ತಟ್ಟೆ ಮುಂದೆ ಮಾಡಿದವರೇ. ಅವಳು ಕೈ ಹಾಕಿದ ಪಾತ್ರೆಯಲ್ಲಿ ಕೆಟ್ಟದ್ದು ಬೇಯಲಿಕ್ಕಿಲ್ಲ ಎಂಬುದು ಅವರಿಗೂ ಗೊತ್ತು.

ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ವಸತಿ ಭಾಗದಲ್ಲಿ, ಒಂದು ಹಳೆಯ ಬಿಲ್ಡಿಂಗಿನ ಕೆಳ ಅಂತಸ್ತಿನಲ್ಲಿ ಅವಳ ಮನೆ. ಗಂಡ ಮುಂಡಪ್ಪ ಕಲ್ಯಾಣದ ಹೋಟೆಲೊಂದರ ಕ್ಯಾಶ್ ಕೌಂಟರಿನಲ್ಲಿ ಕೂತು ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಈಗ ಬನಿಯನ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತಾನೆ, ಮಾತು ಕಮ್ಮಿ. ಕಂಪೆನಿಗಳಲ್ಲಿ ಪಾಳಿ ಮುಗಿಸಿ ಬರುವ ಊರಿನವರಿಗೆಲ್ಲ ಸುಂದರಿಯಕ್ಕ ವರ್ಷಗಟ್ಟಲೆ ಅನ್ನ ಹಾಕಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಮೆಸ್ ಮುಚ್ಚಿತು, ದೊಡ್ಡ ದೊಡ್ಡ ಪಾತ್ರೆಗಳೆಲ್ಲ ಲಾಫ್ಟ್ ಏರಿದವು. ಕೈಗೆ ಕೆಲಸವಿಲ್ಲದ ಸುಂದರಿಯಕ್ಕನ ಜೊತೆ ಒಂದೇ ಮನೆಯಲ್ಲಿ ಇರುವುದು ಎಷ್ಟು ಕಷ್ಟ ಎಂದು ಮುಂಡಪ್ಪನನ್ನೇ ಕೇಳಬೇಕು. ಅವನಂತೂ ಹೇಳುವುದಿಲ್ಲ.

ಇರಲಿ, ಇದು ಪಾತ್ರೆಯ ಕತೆಯಲ್ಲ, ಬೂಬ ಮಾವನ ಗ್ಲಾಸಿನ ಕತೆ. ಹಾಗಾಗಿ ಮೊದಲು ಬೂಬ ಮಾವನ ವಿಷಯ ಹೇಳಬೇಕು.

ಬೂಬ ಸುಂದರಿಯಕ್ಕನ ತಾಯಿಯ ಅಣ್ಣ. ಊರಿನಲ್ಲಿ, ಉಡುಪಿಯ ಆಚೆಗೆ, ಅವರದು ತಾಳೆಮರ ಹತ್ತಿ ಕಳ್ಳು ಇಳಿಸುವ ಮೂರ್ತೆಯ ಮನೆತನ. ಆ ಕಡೆಯ ಮನೆಗಳಲ್ಲಿ ತಾಯಿಯ ಅಣ್ಣ ಅಂದರೆ ಅಪ್ಪನಿಗಿಂತ ಒಂದು ತೂಕ ಜಾಸ್ತಿ. ಸುಂದರಿಯ ಅಪ್ಪ ಬೇಗ ತೀರಿಕೊಂಡಾಗ ಬೂಬ ಮಾವ ತಂಗಿಯನ್ನೂ ತಂಗಿಯ ಮಗಳು ಸುಂದರಿಯನ್ನೂ ಡೊಂಬಿವಲಿಯ ಪಕ್ಕದ ದಿವಾದಲ್ಲಿದ್ದ ತನ್ನ ಒಂದು ಕೋಣೆಯ ಮನೆಗೆ ಕರೆದುಕೊಂಡು ಬಂದರು. ಆಗ ಅವರಿಗೆ ಉಲ್ಲಾಸನಗರದ ಪರ್ಮಿಟ್ ರೂಮೊಂದರ, ಎಂದರೆ ಬಾರಿನ, ಕೌಂಟರಿನಲ್ಲಿ ಕೆಲಸ. ಬಾಯಿ ಬಿಟ್ಟು ಯಾರನ್ನೂ ಹೊಗಳಿದ ಮನುಷ್ಯ ಅಲ್ಲ. ಅವರ ಹೆಂಡತಿ ಅಪ್ಪಿ ಮಾಡಿದ ಅಡುಗೆಯನ್ನೂ ಒಮ್ಮೆಯೂ ಚೆನ್ನಾಗಿದೆ ಎಂದವರಲ್ಲ. ಉಪ್ಪು ಕಮ್ಮಿ, ಹುಳಿ ಹೆಚ್ಚು ಎಂದು ಏನಾದರೊಂದು ಹುಳುಕು ತೆಗೆಯುತ್ತಿದ್ದರು, ತೆಗೆಯುತ್ತಲೇ ತಟ್ಟೆ ಮುಂದೆ ಚಾಚುತ್ತಿದ್ದರು. ಆ ಚಾಚಿದ ತಟ್ಟೆಯೇ ಅವರ ಶಹಬ್ಬಾಸ್. ಮನೆಯಲ್ಲಿ ಎಲ್ಲರೂ ಅದನ್ನು ಹಾಗೆಯೇ ಓದಿಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಬೂಬ ಮಾವ ಒಂದು ಬಾಟಲಿ ಬಿಯರ್ ತೆಗೆಯುತ್ತಿದ್ದರು. ಕೌಂಟರಿನಲ್ಲಿ ಗಿರಾಕಿಗೆ ಹೊಯ್ಯುವಾಗ ಗ್ಲಾಸು ವಾರೆ ಹಿಡಿದು ನೊರೆ ಅಳತೆಯಲ್ಲಿ ಇಡುವುದು ಅವರ ಹಟ. ನೊರೆ ನಿಲ್ಲದ ಬಿಯರನ್ನು ಅವರು ಗಿರಾಕಿಯ ಮುಂದೆ ಇಟ್ಟವರಲ್ಲ. ಮನೆಯಲ್ಲಿ ಮಾತ್ರ ಗ್ಲಾಸು ನೆಟ್ಟಗೆ ನಿಲ್ಲಿಸಿ ಎತ್ತರದಿಂದ ಹೊಯ್ಯುತ್ತಿದ್ದರು. ಯಾಕೆಂದರೆ ಅಪ್ಪಿ ಅತ್ತೆಗೆ ಬಿಯರ್ ಬೇಡ, ನೊರೆ ಬೇಕು. "ಥೂ, ಕುಡುಕರ ಮನೆ" ಎಂದು ಬೈಯುತ್ತಾ ಬಂದು, ಗ್ಲಾಸಿಗೆ ಬಾಯಿ ಇಟ್ಟು, ಮೇಲಿನ ನೊರೆಯನ್ನೆಲ್ಲ ಹೀರಿ, ಸೆರಗಿನಲ್ಲಿ ನೊರೆಯ ಮೀಸೆ ಒರೆಸಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದಳು. ನೊರೆ ಅಪ್ಪಿಯ ಪಾಲು, ಉಳಿದದ್ದು ಬೂಬನ ಪಾಲು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೂ ಸುಂದರಿಗೆ ಭಾನುವಾರ ಎಂದರೆ ನೆನಪಾಗುತ್ತಿದ್ದದ್ದು ಅದೇ.

ಹೋದ ಮಳೆಗಾಲದಲ್ಲಿ ಅಪ್ಪಿ ಅತ್ತೆ ತೀರಿಕೊಂಡಳು. ಅಂದಿನಿಂದ ಬೂಬ ಮಾವ ಯಾವುದಕ್ಕೂ ತಟ್ಟೆ ಚಾಚಿದ್ದಿಲ್ಲ. ಮಗನೂ ಸೊಸೆ ಮಲ್ಲಿಕಾಳೂ ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದರಲ್ಲಿ ಕೊರತೆಯಿಲ್ಲ. ಆದರೆ ಬಡಿಸಿದ್ದನ್ನು ಒಂದು ಬಾರಿ ತಿನ್ನುತ್ತಾರೆ, ಮತ್ತೆ ಸೌಟು ಬಂದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟು "ಸಾಕು" ಎನ್ನುತ್ತಾರೆ. ಹುಳುಕನ್ನೂ ತೆಗೆಯುವುದಿಲ್ಲ. ಸುಂದರಿಯಕ್ಕ ಬಂಗುಡೆ ಪುಳಿಮುಂಚಿ ಮಾಡಿಕೊಂಡು ಹೋದಳು. ಪತ್ರೊಡೆ ಕಟ್ಟಿಕೊಂಡು ಹೋದಳು. ಕೋಳಿ ಸುಕ್ಕ ಮಾಡಿ, ಅದು ಟ್ರೇನಿನಲ್ಲಿ ಪಕ್ಕದವಳ ಸೀರೆಗೆ ಸೋರಿ, ಅವಳಿಂದ ಬೈಸಿಕೊಂಡು ಹೋದಳು. ಎಲ್ಲದಕ್ಕೂ ಅದೇ ಅಂಗೈ, ಅದೇ "ಸಾಕು". ಒಮ್ಮೆ ಅಲ್ಲಿಂದ ವಾಪಸು ಬರುವಾಗ ಕೋಪರ್ ಸ್ಟೇಷನ್ ದಾಟುವ ಹೊತ್ತಿಗೆ ಅವಳಿಗೆ ಅಳುವೇ ಬಂತು. ತನ್ನನ್ನು ಸಾಕಿದ ಮನುಷ್ಯ ಉಣ್ಣುವ ಆಸೆಯನ್ನೇ ಬಿಟ್ಟುಬಿಟ್ಟರಲ್ಲ.

ಅಷ್ಟರಲ್ಲಿ ಮಗಳು ನಿಶ್ಮಿತಾಳ ಮದುವೆ ನಿಶ್ಚಯವಾಯಿತು. ಹುಡುಗ ಕೌಶಲ್, ಮೂಲ್ಕಿ ಕಡೆಯವನು, ನವಿ ಮುಂಬಯಿಯ ಐರೋಳಿಯಲ್ಲಿ ಕೆಲಸ. ಒಳ್ಳೆಯ ಹುಡುಗ, ಆದರೆ ಒಂದು ಹುಚ್ಚು: ಬಿಯರ್ ಮಾಡುವುದು. ಮಾರುವುದಕ್ಕಲ್ಲ, ನಾಲ್ಕು ಜನ ಸ್ನೇಹಿತರು ಕುಡಿಯುವುದಕ್ಕೆ. ಬಾಡಿಗೆ ಮನೆಯ ಮಾಲಿಕರು ಆ ವಾಸನೆಗೆ ಗಲಾಟೆ ಮಾಡಿದಾಗ ನಿಶ್ಮಿತಾ, "ನಮ್ಮ ಅಮ್ಮನ ಹತ್ರ ದೊಡ್ಡ ಪಾತ್ರೆ ಉಂಟು, ಮೆಸ್ಸಿನ ಭಟ್ಟಿ ಒಲೆ ಉಂಟು, ಆ ಜಾಓ" ಎಂದಳಂತೆ. ಹೀಗೆ ಅಳಿಯನಾಗುವವನು ಬಾರ್ಲಿಯ ಚೀಲ ಹೊತ್ತುಕೊಂಡು ಅತ್ತೆಯ ಮನೆಗೆ ಬಂದ. ಲಾಫ್ಟಿನಿಂದ ಪಾತ್ರೆ ಇಳಿಯಿತು. ಸುಂದರಿಯಕ್ಕ ಮೊದಲ ಸಲ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತು ನೋಡಿದಳು. ಎರಡನೆಯ ಸಲ ಸೌಟು ಹಿಡಿದಳು. ಮೂರನೆಯ ಸಲ ಕೌಶಲನನ್ನೇ ಬದಿಗೆ ಸರಿಸಿದಳು.

"ಈ ಸಲ ನಾನು ಮಾಡ್ತೇನೆ. ನೀನು ಬಾಯಲ್ಲಿ ಹೇಳು, ಕೈ ನಂದು" ಎಂದಳು.

"ಯಾಕೆ ಮಾಮಿ, ಇಷ್ಟು ಇಂಟರೆಸ್ಟ್ ಬಂತು?" ಎಂದು ಕೌಶಲ್ ಕೇಳಿದ.

"ಮದುವೆಗೆ ಕರೆಯುವ ಮೊದಲ ಹೇಳಿಕೆ ಬೂಬ ಮಾವನಿಗೆ. ವೀಳ್ಯ ಹಿಡ್ಕೊಂಡು ದಿವಾಕ್ಕೆ ಹೋಗ್ಬೇಕು. ಆ ದಿನ ನಾನು ಮಾಡಿದ ಬಿಯರ್ ಅವರ ಮುಂದೆ ಇಡ್ತೇನೆ. ಅಡುಗೆಯಲ್ಲಿ ಅವರ ನಾಲಗೆ ಏಳ್ಲಿಲ್ಲ. ಇದ್ರಲ್ಲಾದ್ರೂ ಎದ್ದು ಇನ್ನೊಂದು ಗ್ಲಾಸು ಕೇಳ್ತಾರಾ ನೋಡುವಾ."

ಬಾಲ್ಕನಿಯಿಂದ ಮುಂಡಪ್ಪ, "ಅವರು ಕೌಂಟರಿನಲ್ಲಿ ಜೀವ ಸವೆಸಿದವರು ಮಾರಾಯ್ತಿ. ನೊರೆ ನೋಡಿಯೇ ಹೇಳಿಬಿಡ್ತಾರೆ" ಎಂದ.

"ನೊರೆಯೂ ನಿಲ್ತದೆ, ನೀವು ಸುಮ್ನೆ ಕೂತ್ಕೊಳ್ಳಿ" ಎಂದಳು ಸುಂದರಿಯಕ್ಕ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆದು, ಬಿಸಿನೀರಿನಲ್ಲಿ ನೆನೆಸಿ, ಸೋಸಿದರೆ ಜೇನಿನ ಬಣ್ಣದ ಸಿಹಿನೀರು ಬರುತ್ತದೆ. ಅದನ್ನು ದೊಡ್ಡ ಪಾತ್ರೆಗೆ ಸುರಿದು ಭಟ್ಟಿಯ ಮೇಲೆ ಇಟ್ಟಾಯಿತು. ಸುಂದರಿಯಕ್ಕ ಒಂದು ಚಮಚ ಅಂಗೈಗೆ ಹಾಕಿಕೊಂಡು ನೆಕ್ಕಿ, ರಾಗಿ ಮಣ್ಣಿಯ ಹಾಗೆ ಸಿಹಿ ಉಂಟು ಎಂದು ತೀರ್ಪು ಕೊಟ್ಟಳು.

ಇನ್ನು ಹಾಪ್ಸ್. ತಂಪು ದೇಶದ ಒಂದು ಬಳ್ಳಿಯ ಹೂವು ಅದು. ಬಿಯರಿನ ಕಹಿಯೂ ಪರಿಮಳವೂ ಅದರಿಂದಲೇ. ಕೌಶಲ್ ತರುವುದು ಹೂವನ್ನಲ್ಲ, ಹೂವನ್ನು ಪುಡಿಮಾಡಿ ಒತ್ತಿದ ಹಸುರು ಗುಳಿಗೆಯನ್ನು. ಗಾಳಿ ತಾಗಿದರೆ, ಸೆಕೆ ತಾಗಿದರೆ ಅದರ ಸತ್ವ ಹೋಗುತ್ತದೆ ಎಂದು ಪ್ಯಾಕೆಟನ್ನು ಫ್ರೀಜರಿನಲ್ಲಿ, ಸುಂದರಿಯಕ್ಕನ ಸಿಗಡಿಯ ಪಕ್ಕದಲ್ಲಿ, ಮೂರು ಸುತ್ತು ಸುತ್ತಿ ಇಟ್ಟಿದ್ದ. ಮೊದಲ ಸಲ ಅದನ್ನು ನೋಡಿದಾಗ ಅವಳು, "ಇದೆಂಥದು, ಕೋಳಿಗೆ ಹಾಕುವುದಾ?" ಎಂದಿದ್ದಳು. ಆಮೇಲೆ ಎರಡು ಗುಳಿಗೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿ ಸುಮ್ಮನಾಗಿದ್ದಳು. ನಿಂಬೆ ಎಲೆ, ಮಾವಿನಕಾಯಿಯ ಸೊನೆ, ಎಲ್ಲೋ ಹಿಂದೆ ಒಂದು ಚೂರು ಧೂಪ. ಕೈ ತೊಳೆದರೂ ಆ ಅಂಟು ಸಂಜೆಯ ತನಕ ಬಿಟ್ಟಿರಲಿಲ್ಲ, ಅವಳಿಗೂ ಬಿಡಿಸಿಕೊಳ್ಳುವ ಮನಸ್ಸಿರಲಿಲ್ಲ.

ಹಾಪ್ಸಿಗೆ ಅವಳೇ ಚೀಲ ಹೊಲಿದಿದ್ದಳು, ಮುಂಡಪ್ಪನ ಹಳೆಯ ಮಲ್ ಪಂಚೆಯಲ್ಲಿ. ಹಾಗೇ ಸುರಿದರೆ ತಳದಲ್ಲಿ ಕೆಸರು ನಿಲ್ಲುತ್ತದೆ, ಸೋಸುವಾಗ ಪ್ರಾಣ ತಿನ್ನುತ್ತದೆ. ಚೀಲದಲ್ಲಿ ಹಾಕಿ, ದಾರ ಕಟ್ಟಿ, ಪಾತ್ರೆಯ ಮೇಲೆ ಅಡ್ಡ ಇಟ್ಟ ಸಟ್ಟುಗಕ್ಕೆ ನೇತುಹಾಕಿದರೆ ರಗಳೆಯಿಲ್ಲ.

"ಬಿಗಿ ಕಟ್ಬೇಡಿ ಮಾಮಿ, ಒಳಗೆ ಅದು ಉಬ್ಬುತ್ತದೆ. ನೀರು ಒಳಗೆ ಹೋಗಿ ಬರ್ಲಿಕ್ಕೆ ಜಾಗ ಬೇಕು" ಎಂದ ಕೌಶಲ್.

"ಗೊತ್ತುಂಟು. ಕಷಾಯದ ಗಂಟು ನಾನು ಕಟ್ಟದ್ದಾ?"

"ಈಗ ಕುದಿ ಬಂದ ಕೂಡ್ಲೇ ಮೊದಲನೇದು. ಅದು ಕುದಿಯಲ್ಲೇ ಇರ್ಬೇಕು, ಕಹಿ ಬಿಡುವುದು ಅದೇ. ಪರಿಮಳ ಎಲ್ಲ ಹಬೆಯಲ್ಲಿ ಹೋಗ್ತದೆ. ಇಳಿಸ್ಲಿಕ್ಕೆ ಆಗುವಾಗ ಎರಡನೇದು. ಅದಕ್ಕೆ ಕಹಿ ಬಿಡ್ಲಿಕ್ಕೆ ಪುರುಸೊತ್ತು ಇಲ್ಲ, ಪರಿಮಳ ಮಾತ್ರ ಉಳೀತದೆ."

"ಅಂದ್ರೆ ಮೆಂತೆ ಮೊದಲು, ಕೊತ್ತಂಬರಿ ಸೊಪ್ಪು ಇಳಿಸುವಾಗ."

"ಅಷ್ಟೇ ಮಾಮಿ."

"ಹಾಗೆ ಹೇಳು ಮತ್ತೆ. ಅದಕ್ಕೆ ಅಷ್ಟುದ್ದ ಇಂಗ್ಲಿಷ್ ವಿಡಿಯೋ ಯಾಕೆ ತೋರಿಸಿದ್ದು ನನಗೆ?"

ಕೌಶಲ್ ಇನ್ನೂ ಒಂದು ಮಾತು ಹೇಳಿದ್ದ, ಅದನ್ನು ಇಲ್ಲಿ ಬರೆಯಲೇಬೇಕು. ಹಾಪ್ಸ್ ಬಿದ್ದ ಕೂಡಲೇ ಪಾತ್ರೆ ಉಕ್ಕುತ್ತದೆ. ಉರಿ ಸಣ್ಣ ಮಾಡಿ, ಮೆಲ್ಲ ಇಳಿಸಿ, ತಣ್ಣೀರು ಕೈಯಲ್ಲೇ ಇರಲಿ ಎಂದಿದ್ದ. ಸುಂದರಿಯಕ್ಕ "ಹೂಂ" ಎಂದಿದ್ದಳು. ಲೋಟದಲ್ಲಿ ತಣ್ಣೀರು ತೆಗೆದೂ ಇಟ್ಟಿದ್ದಳು. ಆಮೇಲೆ ಬಾಯಾರಿಕೆಯಾಯಿತೆಂದು ಅದನ್ನು ತಾನೇ ಕುಡಿದಿದ್ದಳು.

ಕುದಿ ಬರುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಎಂಐಡಿಸಿಯಲ್ಲಿ ಇರುವವರ ಮೂಗು ಸಾಮಾನ್ಯ ಮೂಗಲ್ಲ. ಯಾವ ಕಂಪೆನಿ ಏನು ಬಿಟ್ಟಿತೋ ಎಂದು ಸದಾ ಎಚ್ಚರದಲ್ಲೇ ಇರುತ್ತದೆ. ಗೊತ್ತಿಲ್ಲದ ವಾಸನೆಯೊಂದು ಬಂದರೆ ಜನ ಮೊದಲು ಕಿಟಕಿ ಹಾಕುತ್ತಾರೆ, ಆಮೇಲೆ ಕೆಳಗೆ ಇಳಿಯುತ್ತಾರೆ. ಆವತ್ತು ಬೆಳಗಿನಿಂದ ಬಿಲ್ಡಿಂಗಿನಲ್ಲಿ ಬಾರ್ಲಿಯ ವಾಸನೆ ಏರುತ್ತಿತ್ತಲ್ಲ, ಸೊಸೈಟಿಯ ಸೆಕ್ರೆಟರಿ ದಿಲೀಪ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಹಿಂದೆ ಅಂಗಳದಲ್ಲಿ ಎಂಟು ಹತ್ತು ಜನ, ಒಬ್ಬಳ ಕಂಕುಳಲ್ಲಿ ನಾಯಿ.

"ವಹಿನಿ, ಗ್ಯಾಸ್ ಲೀಕ್ ಝಾಲಾ ಕಾ? ಕಸಲಾ ವಾಸ್ ಯೇತೋಯ್?" ಎಂದು ಅವನು ಹೊರಗಿನಿಂದಲೇ ಕೂಗಿದ. ಗ್ಯಾಸ್ ಸೋರಿತಾ, ಇದೆಂಥ ವಾಸನೆ ಎಂದು ಅವನ ಪ್ರಶ್ನೆ.

ಮುಂಡಪ್ಪ ಬನಿಯನ್ನಿನಲ್ಲಿ ಎದ್ದು ಬಂದು, "ಕಾಢಾ, ಕಾಢಾ" ಎಂದ. ಕಷಾಯ ಎಂದು ಮರಾಠಿಯಲ್ಲಿ ಹೇಳಿದ್ದು. ಇಷ್ಟು ದೊಡ್ಡ ವಾಸನೆಯ ಕಷಾಯ ಯಾವ ಕಾಯಿಲೆಗೆ ಎಂದು ದಿಲೀಪನಿಗೆ ಅನುಮಾನ ಬಂತು. ಮುಂಡಪ್ಪ ತಲೆ ಕೆರೆದುಕೊಂಡ. ಒಳಗಿನಿಂದ ನಿಶ್ಮಿತಾ, "ಕೌಶಲ್, ಪಪ್ಪ ಎಲ್ಲ ಹಾಳು ಮಾಡ್ತಾರೆ, ತೂ ಜಾ" ಎಂದು ಅವನನ್ನು ದೂಡಿದಳು. ಕೌಶಲ್ ಹೊರಗೆ ಹೋಗಿ ಮರಾಠಿ, ಹಿಂದಿ ಎರಡನ್ನೂ ಕಲಸಿ ವಿವರಿಸತೊಡಗಿದ, ನಿಶ್ಮಿತಾ ಬೆನ್ನಿಗೆ ನಿಂತಳು.

ಅಡುಗೆಮನೆಯಲ್ಲಿ ಸುಂದರಿಯಕ್ಕ ಒಬ್ಬಳೇ. ಪಾತ್ರೆ ಗಳಗಳ ಕುದಿಯುತ್ತಿತ್ತು. ಕಾಯುವುದು ಅವಳ ಜಾತಕದಲ್ಲಿ ಬರೆದಿಲ್ಲ. ಚೀಲ ಎತ್ತಿ ಒಳಗೆ ಬಿಟ್ಟಳು.

ಅಬ್ಬ, ಅದು ಎದ್ದ ರೀತಿ. ಹಸುರು ಬೆರೆತ ಕಂದು ನೊರೆ ಪಾತ್ರೆಯ ತುಂಬ ಉಬ್ಬಿ, ಅಂಚಿಗೆ ಬಂದು, ಇನ್ನೇನು ಭಟ್ಟಿಗೆ ಬೀಳಬೇಕು. ಉರಿ ಸಣ್ಣ ಮಾಡಲು ಹೋದರೆ ಮೊಣಕಾಲು ಬಗ್ಗಲಿಲ್ಲ. ತಣ್ಣೀರಿನ ಲೋಟ ಖಾಲಿ. ಆ ಗಳಿಗೆಯಲ್ಲಿ ತಲೆ ಕೆಲಸ ಮಾಡಲಿಲ್ಲ, ಕೈ ಮಾಡಿತು. ಬಾಲ್ಯದಲ್ಲೇ ಕಲಿತ ಕೈ. ಅದು ಕಿಟಕಿಯ ಕಟ್ಟೆಯ ಮೇಲಿದ್ದ ಸ್ಟೀಲ್ ಗಿಂಡಿಗೆ ಹೋಯಿತು, ಚಳಿಗೆ ಅರೆ ಹೆಪ್ಪುಗಟ್ಟಿದ ತೆಂಗಿನೆಣ್ಣೆಯನ್ನು ಒಂದು ಚಮಚ ಎತ್ತಿತು, ನೊರೆಯ ನಡುಮಧ್ಯಕ್ಕೆ ಹಾಕಿತು.

ನೊರೆ ಉಸ್ಸೆಂದು ಕೂತುಬಿಟ್ಟಿತು.

ಸುಂದರಿಯಕ್ಕನಿಗೆ ನಗು ಬಂತು. ಈ ಉಪಾಯ ಅಪ್ಪಿ ಅತ್ತೆಯದು. ಊರಿನಲ್ಲಿದ್ದಾಗ ಅಪ್ಪಿ ಸಿಹಿಕಳ್ಳು ಕುದಿಸಿ ಓಲೆಬೆಲ್ಲ ಮಾಡುತ್ತಿದ್ದವಳು. ಕಳ್ಳು ಉಕ್ಕಿ ಬಂದರೆ ಒಂದು ತೊಟ್ಟು ಎಣ್ಣೆ. ದಿವಾಕ್ಕೆ ಬಂದ ಮೇಲೆ ಗಂಜಿ ಉಕ್ಕಿದರೂ ಎಣ್ಣೆ, ಬೇಳೆ ಉಕ್ಕಿದರೂ ಎಣ್ಣೆ. "ಉಕ್ಕುವುದಕ್ಕೆಲ್ಲ ಒಂದೇ ಮದ್ದು ಮಗಾ" ಎಂದು ಸುಂದರಿಯ ಕೈಗೆ ಚಮಚ ಕೊಟ್ಟು ಕಲಿಸಿದ್ದು ಅವಳೇ.

ಹೊರಗೆ ದಿಲೀಪನಿಗೆ ಸಮಾಧಾನವಾಗಿತ್ತು. ಕರವಸ್ತ್ರ ಬಿಚ್ಚಿ, ಕಾಢಾ ತಯಾರಾದಾಗ ತನಗೂ ಸ್ವಲ್ಪ ಕಳಿಸಿ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದ. ಕೌಶಲ್ ನಗುತ್ತಾ ಒಳಗೆ ಬಂದವನು ಪಾತ್ರೆಯೊಳಗೆ ಇಣುಕಿ ನಿಂತುಬಿಟ್ಟ. ಮೇಲೆ ಹೊನ್ನಿನ ಬಣ್ಣದ ಕಣ್ಣುಗಳು ತೇಲುತ್ತಿದ್ದವು.

"ಮಾಮಿ, ಇದೆಂಥ ಮಿಂಚುವುದು?"

"ಎಣ್ಣೆ. ಒಂದೇ ಚಮಚ. ಉಕ್ಕಿತು, ಹಾಕಿದೆ, ಕೂತಿತು" ಎಂದು ಸುಂದರಿಯಕ್ಕ ಜಂಬದಲ್ಲಿ ಹೇಳಿದಳು.

ಕೌಶಲ್ ಅಲ್ಲೇ ಇದ್ದ ಗೋಣಿಯ ಮೇಲೆ ಕೂತ. ಬೈಯಲಿಲ್ಲ, ಹುಡುಗ ಮರ್ಯಾದೆಯವನು. "ಮಾಮಿ, ಎಣ್ಣೆ ಮತ್ತು ನೊರೆ ಒಟ್ಟಿಗೆ ಇರ್ಲಿಕ್ಕಿಲ್ಲ. ಈಗ ಕೂತ ಹಾಗೆಯೇ ಗ್ಲಾಸಿನಲ್ಲಿಯೂ ಕೂರ್ತದೆ. ಬೇರೆ ಎಲ್ಲ ಸರಿಯಾದ್ರೂ ಈ ಬಿಯರಿಗೆ ನೊರೆ ನಿಲ್ಲುವುದು ಕಷ್ಟ" ಎಂದ.

ಸುಂದರಿಯಕ್ಕನ ಮುಖ ಇಳಿಯಿತು. ನೊರೆ ನಿಲ್ಲದ ಬಿಯರನ್ನು ಬೂಬ ಮಾವನ ಮುಂದೆ ಇಡುವುದು ಹೇಗೆ? ಅದಕ್ಕಿಂತ ವೀಳ್ಯ ಇಲ್ಲದೆ ಹೇಳಿಕೆಗೆ ಹೋಗಬಹುದು. ಮೊಬೈಲಿನ ಹಿಂದೆ ನಗುತ್ತಿದ್ದ ನಿಶ್ಮಿತಾ ಅಮ್ಮನ ಮುಖ ನೋಡಿ ಮೊಬೈಲ್ ಕೆಳಗಿಟ್ಟಳು.

"ಸೌಟಿನಲ್ಲಿ ತೆಗೆಯುವಾ, ಆದಷ್ಟು ಹೋಗ್ಲಿ" ಎಂದ ಕೌಶಲ್. ತೆಗೆದರು. ಎಣ್ಣೆ ಸೌಟನ್ನು ಕಂಡರೆ ಆಚೆ ಜಾರುತ್ತಿತ್ತು. ಇಳಿಸುವ ಹೊತ್ತಿಗೆ ಎರಡನೆಯ ಚೀಲ ಬಿತ್ತು. ಮನೆಯ ತುಂಬ ನಿಂಬೆ, ಮಾವು ಒಟ್ಟಿಗೆ ಅರಳಿದಂಥ ಪರಿಮಳ ಎದ್ದಿತು, ಆದರೆ ಅದನ್ನು ಸವಿಯುವ ಮನಸ್ಸು ಸುಂದರಿಯಕ್ಕನಿಗೆ ಇರಲಿಲ್ಲ. ಚೀಲ ಹೊರಗೆ ಎತ್ತಿದಾಗ ಕೌಶಲ್, "ಹಿಂಡಬೇಡಿ ಮಾಮಿ, ಒಗರು ಇಳೀತದೆ" ಎಂದ. ಜೀವಮಾನವಿಡೀ ತೆಂಗಿನಹಾಲು, ಹುಣಸೆಹುಳಿ ಕಡೆಯ ಹನಿಯವರೆಗೆ ಹಿಂಡಿದ ಕೈ ಅದು. ಬೇರೆ ದಿನವಾಗಿದ್ದರೆ ವಾದಕ್ಕೆ ಇಳಿಯುತ್ತಿದ್ದಳು. ಆವತ್ತು ಚೀಲವನ್ನು ಮೆಲ್ಲಗೆ ತಟ್ಟೆಯಲ್ಲಿ ಇಟ್ಟಳು.

ತಣ್ಣಗಾದ ಮೇಲೆ ಯೀಸ್ಟ್ ಹಾಕಿ, ಕ್ಯಾನಿಗೆ ತುಂಬಿ, ಬಚ್ಚಲಿನ ಮೂಲೆಯಲ್ಲಿ ಇಟ್ಟರು. ಒಳಗೆ ಅದು ಗುಳುಗುಳು ಎನ್ನುತ್ತಿದ್ದ ದಿನಗಳಲ್ಲಿ ಸುಂದರಿಯಕ್ಕ ಸರಿಯಾಗಿ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಮುಂಡಪ್ಪ ಸ್ನಾನಕ್ಕೆ ಹೊರಟವನು, ತಲೆಗೆ ಹಾಕುವ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಟ್ಟು ಕಾಯುತ್ತಾ ಕೂತಿದ್ದ. ಚಳಿಗೆ ಎಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಅದನ್ನೇ ನೋಡುತ್ತಾ, "ಏ ಇವಳೇ, ಇದು ಇಲ್ಲಿ ಗಟ್ಟಿಯಾಗ್ತದೆ ಅಂದ್ರೆ ಫ್ರಿಜ್ಜಿನಲ್ಲಿ ಆಗ್ಲಿಕ್ಕಿಲ್ವಾ?" ಎಂದ. ಆ ವರ್ಷ ಅವನು ಆಡಿದ ಅತಿ ಉಪಯೋಗದ ಮಾತು ಅದು.

ಸುಂದರಿಯಕ್ಕ ಅಲ್ಲಿಂದಲೇ ಕೌಶಲನಿಗೆ ಫೋನ್ ಮಾಡಿದಳು. ಅವನು ಆಫೀಸಿನಲ್ಲಿ ಕೂತು ಜೋರಾಗಿ ನಕ್ಕನಂತೆ. ಹುದುಗು ಮುಗಿದ ಮೇಲೆ ಕ್ಯಾನನ್ನು ಮೆಸ್ಸಿನ ಕಾಲದ ದೊಡ್ಡ ಫ್ರಿಜ್ಜಿಗೆ ಸೇರಿಸಿದರು. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಮೇಲೆ ನೀರುದೋಸೆಯಷ್ಟು ತೆಳ್ಳಗೆ ಬಿಳಿ ಪದರ ಕಟ್ಟಿತ್ತು. ಸುಂದರಿಯಕ್ಕ ಅದನ್ನು ಜಾಲರಿ ಸೌಟಿನಲ್ಲಿ ಎತ್ತಿ ತೆಗೆದಳು. ಕೆಳಗಿನ ಬಿಯರನ್ನು ನಳಿಗೆಯಲ್ಲಿ ಇಳಿಸಿ, ಬಾಟಲಿಗೆ ಚೂರು ಸಕ್ಕರೆ ಹಾಕಿ, ಬಿರಡೆ ಒತ್ತಿದರು. ಇನ್ನು ಗಾಳಿ ಕಟ್ಟುವುದು ಅದರ ಕೆಲಸ.

ದಿವಾಕ್ಕೆ ಹೋಗುವ ಹಿಂದಿನ ದಿನ ಪರೀಕ್ಷೆಗೆಂದು ಒಂದು ಬಾಟಲಿ ತೆಗೆದರು. ರುಚಿ ನೋಡಿ ಕೌಶಲನ ಹುಬ್ಬು ಮೇಲೇರಿತು. "ಮಾಮಿ, ಮಸ್ತಾಗಿದೆ" ಎಂದ. ಆದರೆ ನೊರೆ? ಹೊಯ್ಯುವಾಗ ಬಂತು, ಬೆಳ್ಳಗೆ, ಚೆಂದಕ್ಕೆ. ಗ್ಲಾಸನ್ನು ಮೇಜಿನ ಮೇಲೆ ಇಡುವುದರೊಳಗೆ ಅರ್ಧ ಹೋಗಿತ್ತು. ನೋಡುತ್ತಿದ್ದ ಹಾಗೆ ಉಳಿದರ್ಧವೂ ಹೋಯಿತು. ಎಣ್ಣೆಯನ್ನು ಎಷ್ಟು ತೆಗೆದರೂ ಅದರ ಋಣ ಪೂರ್ತಿ ಹರಿದಿರಲಿಲ್ಲ.

"ನನ್ನ ಹತ್ರ ನಾನು ಮೊದಲು ಮಾಡಿದ ಬಾಟಲಿ ಉಂಟು. ನೊರೆ ಚೆನ್ನಾಗಿ ನಿಲ್ತದೆ. ಅದನ್ನು ತಗೊಂಡು ಹೋಗುವಾ? ಅಜ್ಜನಿಗೆ ಯಾರು ಮಾಡಿದ್ದು ಅಂತ ಹೇಗೆ ಗೊತ್ತಾಗ್ತದೆ?" ಎಂದ ಕೌಶಲ್ ಮೆಲ್ಲಗೆ.

ಸುಂದರಿಯಕ್ಕನ ಕಣ್ಣು ಗ್ಲಾಸಿನ ಮೇಲೆಯೇ ಇತ್ತು. ಆಸೆ ಆಗಲಿಲ್ಲ ಎಂದರೆ ಸುಳ್ಳು. ಆಮೇಲೆ, "ಬೇಡ ಮಗ. ನನ್ನನ್ನು ಸಾಕಿದವರಿಗೆ ನಾನು ಮಾಡಿದ್ದನ್ನೇ ಕೊಡುವುದು. ಸಾಕು ಅಂದ್ರೆ ಸಾಕು, ಮತ್ತೆಂತ ಮಾಡ್ಲಿಕ್ಕಾಗ್ತದೆ" ಎಂದಳು.

ಮರುದಿನ ಬಾಟಲಿಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಮೇಲೆ ವೀಳ್ಯದೆಲೆ ಅಡಕೆ ಇಟ್ಟು, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಲೇಡೀಸ್ ಡಬ್ಬದಲ್ಲಿ ಕೂತಳು. ಪಕ್ಕದಲ್ಲಿ ನಿಶ್ಮಿತಾ, ಗಂಡಸರಿಬ್ಬರು ಆಚೆ ಡಬ್ಬದಲ್ಲಿ. ಟ್ರೇನು ಕುಲುಕಿದಾಗಲೆಲ್ಲ ಚೀಲವನ್ನು ಎದೆಗೆ ಅವುಚಿಕೊಳ್ಳುವ ಸುಂದರಿಯಕ್ಕನನ್ನು ನೋಡಿ ಎದುರಿನ ಹೆಂಗಸು ಒಳಗೆ ಏನು ಎಂದು ಹಿಂದಿಯಲ್ಲಿ ಕೇಳಿದಳು. "ಕಾಢಾ" ಎಂದಳು ಸುಂದರಿಯಕ್ಕ. ನಿಶ್ಮಿತಾ ಕಿಟಕಿಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದಿವಾದಲ್ಲಿ ಇಳಿಯುವವರ ಹತ್ತುವವರ ನೂಕಾಟದಲ್ಲಿ ಚೀಲವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಪಾರುಮಾಡಿದ್ದೂ ನಿಶ್ಮಿತಾಳೇ.

ಬೂಬ ಮಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಮಗ ರಜೆಯ ದಿನವೂ ಪಾಳಿ ಎಂದು ಕೆಲಸಕ್ಕೆ ಹೋಗಿದ್ದ, ಮಲ್ಲಿಕಾ ಬಾಗಿಲು ತೆಗೆದಳು. ಗೋಡೆಯಲ್ಲಿ ಅಪ್ಪಿ ಅತ್ತೆಯ ಪಟ, ಅದಕ್ಕೆ ಅಬ್ಬಲಿಗೆ ಮಾಲೆ. ಮುಂಡಪ್ಪ ವೀಳ್ಯ ಕೊಟ್ಟು ಹೇಳಿಕೆ ಹೇಳಿದ, ನಿಶ್ಮಿತಾ ಕೌಶಲ್ ಇಬ್ಬರೂ ಕಾಲಿಗೆ ಬಿದ್ದರು. ಬೂಬ ಮಾವ ತಲೆ ಮುಟ್ಟಿ ಹರಸಿ, ವೀಳ್ಯ ತೆಗೆದುಕೊಂಡು, ಮತ್ತೆ ಕಿಟಕಿಯ ಕಡೆ ನೋಡಿದರು.

"ಮಾವ, ಇವತ್ತು ಭಾನುವಾರ" ಎಂದಳು ಸುಂದರಿಯಕ್ಕ.

"ಹೂಂ."

"ನಾನು ಬಿಯರ್ ಮಾಡಿದ್ದೇನೆ. ಮನೆಯಲ್ಲೇ. ಈ ಹುಡುಗ ಕಲಿಸಿದ್ದು."

ಬೂಬ ಮಾವ ತಿರುಗಿ ಅವಳನ್ನು ನೋಡಿದರು. "ನೀನು?" ಎಂದಷ್ಟೇ ಕೇಳಿದರು.

ಮಲ್ಲಿಕಾ ಗ್ಲಾಸು ತಂದಳು. ಸುಂದರಿಯಕ್ಕ ಬಾಟಲಿ ತೆಗೆದಳು. ಕೌಂಟರಿನ ಶಿಸ್ತು ನೆನಪಿಟ್ಟುಕೊಂಡು ಗ್ಲಾಸು ವಾರೆ ಹಿಡಿದು, ಉಸಿರು ಬಿಗಿಹಿಡಿದು ಹೊಯ್ದಳು. ನೊರೆ ಎದ್ದಿತು. ಬೂಬ ಮಾವನ ಕಣ್ಣು ನೊರೆಯ ಮೇಲೆ. ಅವರ ಕೈಗೆ ಗ್ಲಾಸು ಹೋಗುವ ಹೊತ್ತಿಗೆ ಅದು ಕರಗುತ್ತಿತ್ತು. ಅವರು ಕುಡಿಯಲಿಲ್ಲ, ನೋಡುತ್ತಾ ಕೂತರು. ಕಡೆಯ ಗುಳ್ಳೆಯೂ ಒಡೆದು ಮೇಲ್ಮೈ ಬಾವಿಯ ನೀರಿನ ಹಾಗೆ ಸಪಾಟಾಯಿತು. ಮುಂಡಪ್ಪ ತನ್ನ ಚಪ್ಪಲಿ ಎಲ್ಲಿದೆ ಎಂದು ಹುಡುಕುವವನಂತೆ ಬಾಗಿಲ ಕಡೆ ನೋಡಿದ.

"ನೊರೆಗೆ ಎಂತ ಆಯ್ತು?" ಎಂದು ಬೂಬ ಮಾವ ಕೇಳಿದರು.

ಸುಂದರಿಯಕ್ಕ ಬಾಟಲಿ ಕೆಳಗಿಟ್ಟಳು. "ಕುದಿಯುವಾಗ ಉಕ್ಕಿತು ಮಾವ. ನಾನು ತೆಂಗಿನೆಣ್ಣೆ ಹಾಕಿದೆ. ಹಾಕ್ಬಾರ್ದಿತ್ತು. ಅಭ್ಯಾಸ."

"ಎಣ್ಣೆಯಾ? ಬಿಯರಿಗೆ?"

"ಅತ್ತೆ ಕಲಿಸಿದ್ದಲ್ವಾ. ಉಕ್ಕುವುದಕ್ಕೆಲ್ಲ ಒಂದೇ ಮದ್ದು ಅಂತ."

ಬೂಬ ಮಾವ ಗ್ಲಾಸು ನೋಡಿದರು. ಪಟ ನೋಡಿದರು. ಮತ್ತೆ ಗ್ಲಾಸು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಾರೋ ಎಂದು ಮಲ್ಲಿಕಾ ಹತ್ತಿರ ಬಂದಳು. ಅಳುವಲ್ಲ, ನಗು. ಮಳೆಗಾಲದಿಂದ ಆ ಮನೆಯಲ್ಲಿ ಯಾರೂ ಕೇಳದ ನಗು, ಕೆಮ್ಮು ಬೆರೆತ, ಹಳೆಯ ಕೌಂಟರಿನ ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದು ನಗುವಿನದೋ ಬೇರೆಯದೋ ಅವರೇ ಹೇಳಬೇಕು.

"ನೋಡು ಮಾರಾಯ್ತಿ. ಸತ್ತರೂ ಅವಳ ಪಾಲು ಬಿಡ್ಲಿಲ್ಲ. ನನ್ನ ಬಾಯಿ ತಾಗುವ ಮೊದ್ಲೇ ಬಂದು ಕುಡ್ಕೊಂಡು ಹೋದಳು" ಎಂದರು.

ಆಮೇಲೆ ಗ್ಲಾಸನ್ನು ಬಾಯಿಗಿಟ್ಟರು. ಒಂದು ಗುಟುಕು, ಇನ್ನೊಂದು ಗುಟುಕು. ನಾಲಗೆಯಲ್ಲಿ ಅದನ್ನು ಆಡಿಸಿ, ಕಣ್ಣು ಕಿರಿದು ಮಾಡಿ, ಕೌಂಟರಿನಲ್ಲಿ ಹೊಸ ಸರಕು ಪರೀಕ್ಷೆ ಮಾಡುವವರ ಹಾಗೆ ಕೂತರು. ಗ್ಲಾಸು ಮುಗಿಯಿತು. ಸುಂದರಿಯಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಎಲ್ಲರ ಕಣ್ಣೂ ಅವರ ಎಡಗೈ ಮೇಲೆ, ಅದು ಈಗ ಮೇಲೆ ಬಂದು ಗ್ಲಾಸಿಗೆ ಅಡ್ಡ ನಿಲ್ಲುತ್ತದೋ ಎಂದು.

ಎಡಗೈ ತೊಡೆಯ ಮೇಲೆಯೇ ಇತ್ತು.

"ಕಹಿ ಸ್ವಲ್ಪ ಜಾಸ್ತಿ ಮಾಡಿದ್ದೀ" ಎಂದು ಬೂಬ ಮಾವ ಹುಳುಕು ತೆಗೆದರು. ತೆಗೆಯುತ್ತಲೇ ಗ್ಲಾಸನ್ನು ಮುಂದೆ ಚಾಚಿದರು.

ಸುಂದರಿಯಕ್ಕ ಇನ್ನೊಂದು ಬಾಟಲಿ ತೆಗೆದಳು. ಈ ಸಲ ಗ್ಲಾಸನ್ನು ವಾರೆ ಮಾಡಲಿಲ್ಲ. ನೆಟ್ಟಗೆ ಹಿಡಿಸಿ, ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಎತ್ತರದಿಂದ, ಅತ್ತೆಗೆ ಕಮ್ಮಿಯಾಗದ ಹಾಗೆ ಹೊಯ್ದಳು.